ದೀಪಕ್ಕೆ ಇವತ್ತು ಕೊಬ್ಬರಿ ಎಣ್ಣೆ

ತಾಯೇ ಅನ್ನಪೂರ್ಣೇಶ್ವರಿ, ಇವತ್ತು ನಿನ್ನ ದೀಪಕ್ಕೆ ತುಪ್ಪ ಹಾಕಿಲ್ಲ. ಎಳ್ಳೆಣ್ಣೆಯನ್ನೂ ಹಾಕಿಲ್ಲ. ಕೊಬ್ಬರಿ ಎಣ್ಣೆ ಹಾಕಿದ್ದೇನೆ, ಅದೂ ಹೊಸ ಬಾಟಲಿಯ ಸೀಲು ಬಿಚ್ಚಿ. ಬತ್ತಿ ಹೊಸೆದ ಕೈಯಲ್ಲೇ ಇನ್ನು ಅರ್ಧ ಗಂಟೆಯಲ್ಲಿ ಹಿಟ್ಟು ಕಲಸಬೇಕು. ಆ ಕೈಯಲ್ಲಿ ತುಪ್ಪದ ಜಿಡ್ಡು ಇರಬಾರದು, ಎಳ್ಳಿನ ಜಿಡ್ಡು ಇರಲೇಬಾರದು. ಮುನಿಸಿಕೊಳ್ಳಬೇಡ. ಇವತ್ತಿಗೆ ಏಳು ವರ್ಷ ತುಂಬುವ ಒಂದು ಮಗುವಿಗೆ ಕೇಕು ಮಾಡುತ್ತಿದ್ದೇನೆ. ಆ ಮಗುವಿಗೆ ಹಾಲು ಆಗುವುದಿಲ್ಲ, ಮೊಟ್ಟೆ ಆಗುವುದಿಲ್ಲ, ಎಳ್ಳು ಆಗುವುದಿಲ್ಲ, ಗೋಡಂಬಿ ಆಗುವುದಿಲ್ಲ.

ಈಗ ಬೆಳಗಿನ ಜಾವ ಐದು ಗಂಟೆ. ಬಸವನಗುಡಿಯ ನಮ್ಮ ಬೀದಿಗೆ ಹಾಲಿನವನು ಇನ್ನೂ ಬಂದಿಲ್ಲ. ಬಂದರೂ ಪ್ಯಾಕೆಟ್ಟು ಇವತ್ತು ಗೇಟಿನ ಚೀಲದಲ್ಲೇ ಇರುತ್ತದೆ, ಅಡುಗೆಮನೆಯ ಹೊಸಿಲು ದಾಟುವುದಿಲ್ಲ. ಮನೆಯವರು ಕಾಫಿಗೆ ದರ್ಶಿನಿಗೆ ಹೋಗುತ್ತಾರೆ. ನಿನ್ನೆ ರಾತ್ರಿಯೇ ಕಟ್ಟೆ, ಸಿಂಕು, ನಲ್ಲಿಯ ಹಿಡಿ, ಫ್ರಿಜ್ಜಿನ ಬಾಗಿಲ ಹಿಡಿ ಎಲ್ಲವನ್ನೂ ಸೋಪು ಹಚ್ಚಿ ಉಜ್ಜಿದ್ದೇನೆ. ಕೊರೊನಾ ಕಾಲದಲ್ಲಿ ಅಭ್ಯಾಸವಾದ ಸ್ಯಾನಿಟೈಸರು ಈ ಕೆಲಸಕ್ಕೆ ಬರುವುದಿಲ್ಲ. ಅದು ಕ್ರಿಮಿಯನ್ನು ಕೊಲ್ಲುತ್ತದೆ. ಹಾಲಿನ ಪ್ರೋಟೀನಿಗೆ, ಕಡಲೆಕಾಯಿಯ ಪ್ರೋಟೀನಿಗೆ ಜೀವವೇ ಇಲ್ಲ, ಕೊಲ್ಲುವುದೇನನ್ನು? ಸೋಪು ಹಚ್ಚಿ ಉಜ್ಜಿ ನೀರಿನಲ್ಲಿ ಹರಿದುಹೋಗುವ ಹಾಗೆ ತೊಳೆಯಬೇಕು, ಅಷ್ಟೇ ದಾರಿ.

ಮೂರು ವರ್ಷದ ಹಿಂದಿನ ಆ ಸಂಜೆಯನ್ನು ನಿನ್ನ ಮುಂದೆ ಇನ್ನೊಮ್ಮೆ ಹೇಳಿಕೊಳ್ಳದೆ ನಾನು ಅವನ್ ಹಚ್ಚಲಾರೆ. ಆಗ ಈ ಪುಟ್ಟಿಗೆ ನಾಲ್ಕು ವರ್ಷ. ಅವಳ ತಾಯಿ ನಾಲ್ಕು ಹೆಸರು ಬರೆದ ಚೀಟಿ ಕೈಗಿಟ್ಟು, "ಅಕ್ಕಾ, ನಿಮ್ಮ ಕೈಲಿ ಆಗುತ್ತಾ?" ಎಂದು ಕೇಳಿದ್ದಳು. ಆಗುತ್ತಮ್ಮ ಅಂದೆ. ಚೀಟಿಯಲ್ಲಿದ್ದ ಯಾವುದನ್ನೂ ಹಾಕಲಿಲ್ಲ. ಕೇಕು ಚೆನ್ನಾಗಿಯೇ ಬಂತು. ನಾನೇ ತೆಗೆದುಕೊಂಡು ಹೋದೆ, ಇರಿ ಅಂದರು, ಇದ್ದೆ. ಮೇಣದಬತ್ತಿ ಆರಿಸಿ ಎರಡನೇ ತುತ್ತು ಬಾಯಿಗಿಟ್ಟ ಮಗು, "ಅಮ್ಮಾ, ನಾಲಿಗೆ ಚುರುಚುರು ಅಂತಿದೆ" ಅಂದಳು. ನೋಡನೋಡುತ್ತ ತುಟಿ ದಪ್ಪಗಾಯಿತು. ಕುತ್ತಿಗೆಯ ಮೇಲೆ ಗಂಧೆಗಳೆದ್ದವು. ವಾಂತಿ ಮಾಡಿಕೊಂಡಳು. ಆಮೇಲೆ ಕೆಮ್ಮು, ಅದರ ಹಿಂದೆಯೇ ಒಡೆದ ದನಿ. ಅವಳಪ್ಪ ಎತ್ತಿಕೊಂಡು ಓಡಿದರು. ಆಸ್ಪತ್ರೆ ಹತ್ತಿರವಿತ್ತು. ತೊಡೆಯ ಹೊರಮಗ್ಗುಲಿಗೆ ಅಡ್ರಿನಲಿನ್ ಚುಚ್ಚಿದರು. ಕೆಲವೇ ನಿಮಿಷಗಳಲ್ಲಿ ಉಸಿರು ಸರಾಗವಾಯಿತು. ಇಳಿದದ್ದು ಕೆಲವು ಗಂಟೆ ಬಿಟ್ಟು ಮತ್ತೆ ಏರಬಹುದೆಂದು ರಾತ್ರಿಯಿಡೀ ಅಲ್ಲೇ ಇಟ್ಟುಕೊಂಡರು.

ಆ ರಾತ್ರಿ ಅಡುಗೆಮನೆಯನ್ನೆಲ್ಲ ತಲೆಕೆಳಗು ಮಾಡಿ ಹುಡುಕಿದೆ. ಕೊನೆಗೆ ಜರಡಿ ಕೈಗೆ ಬಂತು. ತೊಳೆದದ್ದೇ, ಒಣಗಿದ್ದದ್ದೇ. ಅದರ ಸುತ್ತಿನ ತಗಡು ಒಳಕ್ಕೆ ಮಡಚಿಕೊಂಡಿರುತ್ತದಲ್ಲ, ಆ ಮಡಿಕೆಯೊಳಗೆ ಗುಂಡುಸೂಜಿ ತೂರಿಸಿ ಎಳೆದೆ. ಬಿಳಿ ಹಾಳೆಯ ಮೇಲೆ ಒಂದು ಸಾಸಿವೆಕಾಳಿನಷ್ಟು ಪುಡಿ ಉದುರಿತು. ಕೆನೆಬಣ್ಣ, ಬೆರಳಿಗೆ ಜಿಡ್ಡುಜಿಡ್ಡು. ಮೂಗಿಗೆ ಹಿಡಿದೆ. ಗೋಡಂಬಿ. ಎರಡು ದಿನದ ಹಿಂದೆ ಬೇರೊಬ್ಬರಿಗೆ ಗೋಡಂಬಿ ಬಿಸ್ಕತ್ತು ಮಾಡುವಾಗ ಅದೇ ಜರಡಿಯಲ್ಲಿ ಪುಡಿ ಜಾಲಿಸಿದ್ದೆ. ಬೆಳಗಾಗುತ್ತಲೇ ಜರಡಿಯನ್ನೂ ಹಾಳೆಯನ್ನೂ ಆಸ್ಪತ್ರೆಗೆ ಒಯ್ದು ಅವಳ ತಾಯಿಯ ಮುಂದೆ ಬಿಚ್ಚಿದೆ. "ಇದಾ?" ಎಂದಳು. ಹಾಳೆಯನ್ನು ಬಹಳ ಹೊತ್ತು ನೋಡಿದಳು. ನಿದ್ದೆಯಿಲ್ಲದ ಕಣ್ಣು. ಬೇರೆ ಒಂದು ಮಾತೂ ಆಡಲಿಲ್ಲ. ಆ ಜರಡಿ ಈಗಲೂ ನಿನ್ನ ಪಟದ ಪಕ್ಕದ ಮೊಳೆಯಲ್ಲಿದೆ. ಅದರಲ್ಲಿ ಆಮೇಲೆ ಏನನ್ನೂ ಜಾಲಿಸಿಲ್ಲ.

ಇನ್ನು ಅವಳು ಈ ಕಡೆ ತಲೆಹಾಕುವುದಿಲ್ಲ ಅಂದುಕೊಂಡಿದ್ದೆ. ಹೋದ ವಾರ ಬಂದಳು. "ಅವತ್ತು ಜರಡಿ ತಂದು ತೋರಿಸಿದ್ರಲ್ಲ ಅಕ್ಕಾ. ಎಲ್ಲಿ ತಪ್ಪಾಯ್ತು ಅಂತ ಗೊತ್ತಿರೋರ ಹತ್ರ ಮಾಡಿಸೋದೇ ವಾಸಿ ಅನ್ನಿಸ್ತು," ಅಂದಳು. ಅವಳ ಸೆರಗಿನ ಹಿಂದಿನಿಂದ ಪುಟ್ಟಿ ಇಣುಕಿ ತನ್ನ ಬೇಡಿಕೆ ಹೇಳಿದಳು. ಆ ಸಂಜೆಯ ಮೇಲೆ ಅವಳ ಹುಟ್ಟುಹಬ್ಬಕ್ಕೆ ಬಂದವರಿಗೆಲ್ಲ ಅಂಗಡಿಯ ಕೇಕು, ಅವಳಿಗೆ ಮಾತ್ರ ಡಬ್ಬಿಯಲ್ಲಿ ಒಂದು ತುಂಡು ಅವಲಕ್ಕಿ ಬರ್ಫಿ. ಈ ಸಲ ಹಾಗೆ ಬೇಡವಂತೆ. "ಎಲ್ಲಾರೂ ನನ್ನ ಕೇಕನ್ನೇ ತಿನ್ನಬೇಕು."

ತಾಯೇ, ಹೊರನಾಡಿನ ನಿನ್ನ ಪಂಕ್ತಿಯಲ್ಲಿ ನಾನು ಎಷ್ಟೋ ಸಲ ಉಂಡಿದ್ದೇನೆ. ಕಳಸದ ಹಾದಿಯಲ್ಲಿ ಬೆಟ್ಟ ಹತ್ತಿ ಬಂದ ಯಾರನ್ನೂ ನೀನು ಬರಿಹೊಟ್ಟೆಯಲ್ಲಿ ಕಳಿಸಿದವಳಲ್ಲ. ಹಾಗಿರುವಾಗ ಎಲೆಯ ಮುಂದೆ ಕೂತೂ ಉಣ್ಣಲಾರದ ಮಗುವನ್ನು ನೀನು ಹೇಗೆ ನೋಡುತ್ತೀ ಎಂದು ಕೇಳಬೇಕೆನಿಸುತ್ತದೆ. ಒಂದು ಮದುವೆಮನೆಯಲ್ಲಿ ಈ ಪುಟ್ಟಿಯನ್ನು ನೋಡಿದ್ದೆ. ಪಾಯಸದ ಬಕೆಟ್ಟು ಎರಡು ಎಲೆ ಆಚೆ ಇರುವಾಗಲೇ ಅವಳು ಎರಡೂ ಅಂಗೈಗಳನ್ನು ಎಲೆಯ ಮೇಲೆ ಅಡ್ಡ ಹಿಡಿದಳು. ಬಡಿಸುವವರು ಮುಂದೆ ಹೋದ ಮೇಲೂ ತೆಗೆಯಲಿಲ್ಲ. ಮೊಸರು ಬಂತು, ತುಪ್ಪ ಬಂತು, ಕೈ ಹಾಗೇ ಇತ್ತು. ಅಷ್ಟು ಚಿಕ್ಕ ಕೈ, ಅಷ್ಟು ದೊಡ್ಡ ಎಲೆ. ಬೆರಳ ಸಂದಿಯಲ್ಲಿ ಬಿದ್ದೀತೆಂದು ಬೆರಳುಗಳನ್ನು ಒತ್ತಿ ಜೋಡಿಸಿಕೊಂಡಿದ್ದಳು.

ಅವಳ ಒಳಗೆ ನಡೆಯುವುದನ್ನು ನಾನು ಡಾಕ್ಟರರಿಂದ ಕೇಳಿ, ಓದಿ, ಸ್ವಲ್ಪ ತಿಳಿದುಕೊಂಡಿದ್ದೇನೆ. ರೋಗದಿಂದ ಮೈಯನ್ನು ಕಾಯಲು ನೀನೇ ಇಟ್ಟ ಕಾವಲು ಅದು. ಹಾಲನ್ನು ಶತ್ರು ಎಂದು ಒಮ್ಮೆ ಗುರುತು ಹಾಕಿಕೊಂಡುಬಿಟ್ಟಿದೆ. ಐಜಿಇ ಎಂಬ ಪ್ರತಿಕಾಯ ಆ ಗುರುತನ್ನು ಹಿಡಿದು ಕಾದಿರುತ್ತದೆ. ಹಾಲಿನ ಒಂದು ಕಣ ಬಂದರೆ ಸಾಕು, ಮಾಸ್ಟ್ ಕೋಶಗಳು ಹಿಸ್ಟಮಿನ್ ಚೆಲ್ಲುತ್ತವೆ. ಅದರಿಂದಲೇ ಗಂಧೆ, ಊತ, ವಾಂತಿ, ಕಟ್ಟುವ ಉಸಿರು. ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೆ 1902ರಲ್ಲಿ ಇದಕ್ಕೆ ಅನಫಿಲಾಕ್ಸಿಸ್ ಎಂದು ಹೆಸರಿಟ್ಟರು. ರಕ್ಷಣೆಗೆ ವಿರುದ್ಧವಾದದ್ದು ಎಂದು ಅದರ ಭಾವ. ಆ ಕೆಲಸಕ್ಕೆ ರಿಶೆಗೆ 1913ರಲ್ಲಿ ನೊಬೆಲ್ ಬಂತು. ನಮ್ಮವರು ಯಾವ ಪ್ರಯೋಗಶಾಲೆಯೂ ಇಲ್ಲದೆ ಇದನ್ನು ಹೇಳಿಟ್ಟಿದ್ದಾರೆ: ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ನನ್ನ ಅಜ್ಜಿ ಇದನ್ನು ಪಿತ್ತಗಂಧೆ ಎನ್ನುತ್ತಿದ್ದಳು, ಕಂಬಳಿ ಹೊದಿಸಿ ಮಲಗಿಸುತ್ತಿದ್ದಳು. ಗಂಧೆ ಮೈಮೇಲಷ್ಟೇ ಇದ್ದಾಗ ಅದು ನಡೆಯುತ್ತಿತ್ತು. ಗಂಟಲಿಗೆ ಇಳಿದ ದಿನ ಏನು ಮಾಡುತ್ತಿದ್ದರೋ, ಎಷ್ಟು ಮನೆಗಳಲ್ಲಿ ಏನಾಯಿತೆಂದೇ ತಿಳಿಯದೆ ಮಕ್ಕಳನ್ನು ಮಣ್ಣು ಮಾಡಿದರೋ, ಆ ತಾಯಂದಿರನ್ನು ನೆನೆದು ಒಂದು ಗಳಿಗೆ ಸುಮ್ಮನೆ ಕೂರುತ್ತೇನೆ.

ಗಂಟಲಿನ ವಿಷಯ ನಿನಗೆ ಹೊಸದಲ್ಲ. ಹಾಲಾಹಲ ಕುಡಿದ ನಿನ್ನ ಗಂಡನ ಕೊರಳನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ವಿಷ ಕೆಳಗಿಳಿಯದ ಹಾಗೆ ಕಾದವಳು ನೀನು. ಶಿವರಾತ್ರಿಯ ಜಾಗರಣೆಯಲ್ಲಿ ಅಜ್ಜಿ ಈ ಕಥೆ ಹೇಳುವಾಗ ನಾನು ಶಿವನ ನೀಲಿ ಕೊರಳನ್ನಷ್ಟೇ ಕಲ್ಪಿಸಿಕೊಳ್ಳುತ್ತಿದ್ದೆ. ಆ ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಮೇಲೆ ನನಗೆ ಕಂಡದ್ದು ನಿನ್ನ ಕೈ. ಹಿಡಿದವಳ ಕೈ ಎಷ್ಟು ನಡುಗಿರಬೇಕು.

ಈ ಪುಟ್ಟಿಯ ತಾಯಿಯ ಚೀಲದಲ್ಲಿ ಈಗ ಅಡ್ರಿನಲಿನ್ ಸದಾ ಇರುತ್ತದೆ. ಹೊರದೇಶಗಳಲ್ಲಿ ಬಟ್ಟೆಯ ಮೇಲಿಂದಲೇ ತೊಡೆಗೆ ಒತ್ತುವ ಪೆನ್ನಿನಂಥದ್ದು ಬರುತ್ತದೆ, ನಮ್ಮಲ್ಲಿ ಅದು ಸುಲಭವಾಗಿ ಸಿಗುವುದಿಲ್ಲ. ಡಾಕ್ಟರು ಮಗುವಿನ ತೂಕ ನೋಡಿ, ಕಿಲೋಗೆ 0.01 ಮಿಲಿಗ್ರಾಂ ಲೆಕ್ಕ ಹಾಕಿ, ಸಿರಿಂಜಿನ ಮೇಲೆ ಗೆರೆ ಹಾಕಿ ಕೊಟ್ಟು, ಆಂಪ್ಯೂಲು ಒಡೆಯುವುದನ್ನು ಅವಳಿಗೆ ಕಲಿಸಿದ್ದಾರೆ. ಕಿತ್ತಳೆಹಣ್ಣಿಗೆ ಚುಚ್ಚಿ ಚುಚ್ಚಿ ರೂಢಿ ಮಾಡಿಕೊಂಡಳಂತೆ. ತುರಿಕೆಯ ಮಾತ್ರೆ ತುರಿಕೆಗೆ, ಉಸಿರಿಗೆ ಈ ಸೂಜಿಯೇ. ಅವಳ ಕೈ ಆ ಹೊತ್ತಿಗೆ ಗಟ್ಟಿಯಾಗಿರಲಿ. ಆ ಹೊತ್ತೇ ಬಾರದಿರಲಿ.

"ಒಂದು ಚೂರು ತಿಂದ್ರೆ ಏನಾಗುತ್ತೆ?" ಅನ್ನುವವರನ್ನೂ ನಿನ್ನ ಮುಂದಿಡುತ್ತೇನೆ. ಅವರು ಕೆಟ್ಟವರಲ್ಲ. ಬಹಳ ಸಲ ಅವರು ಮನೆಯ ಹಿರಿಯರೇ, ಪ್ರೀತಿಯಿಂದಲೇ ತುಪ್ಪದ ತುತ್ತು ಎತ್ತಿದವರು. ತುಪ್ಪ ಕಾಯಿಸಿ ಸೋಸಿದ್ದು ತಾನೇ ಅನ್ನುತ್ತಾರೆ. ಅದರಲ್ಲೂ ಹಾಲಿನ ಪ್ರೋಟೀನು ಚೂರುಪಾರು ಉಳಿದಿರುತ್ತದೆ. ಹಾಲನ್ನು ಚೆನ್ನಾಗಿ ಕಾಯಿಸಿ ಕೊಡಿ ಅನ್ನುತ್ತಾರೆ. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನು ಕುದಿಗೆ ಬಗ್ಗುವುದಿಲ್ಲ. ಮೇಕೆ ಹಾಲು ಕೊಡಿ ಅನ್ನುತ್ತಾರೆ. ಹಸುವಿನ ಹಾಲು ಆಗದ ಮಕ್ಕಳಲ್ಲಿ ಬಹುಪಾಲಿಗೆ ಅದೂ ಆಗುವುದಿಲ್ಲ. ಹಾಲು ಕುಡಿದರೆ ಹೊಟ್ಟೆಯುಬ್ಬರ ಬರುವುದು ಬೇರೆ, ಅದು ಲ್ಯಾಕ್ಟೋಸ್ ಎಂಬ ಸಕ್ಕರೆ ಅರಗದ ತೊಂದರೆ. ಇದು ಬೇರೆ. ಇನ್ನು ಕೆಲವರು, ಅಲರ್ಜಿ ಎಲ್ಲ ಅಮೆರಿಕದವರ ಕಾಯಿಲೆ, ನಮ್ಮ ಕಾಲದಲ್ಲಿ ಎಲ್ಲಿತ್ತು ಅನ್ನುತ್ತಾರೆ. ನಮ್ಮ ಮೈಸೂರಿನಲ್ಲೇ ಬದನೆಕಾಯಿ ಆಗಿಬರದವರನ್ನು ಪರೀಕ್ಷೆ ಮಾಡಿ, ಅವರಲ್ಲಿ ಹೆಂಗಸರೇ ಹೆಚ್ಚು ಎಂದು ಸಂಶೋಧಕರು 2008ರಲ್ಲಿ ಪ್ರಕಟಿಸಿದ್ದಾರೆ. ಎಷ್ಟು ಜನ ಸೊಸೆಯಂದಿರು ಎಣಗಾಯಿ ಬಡಿಸಿ ತಾವು ಮಾತ್ರ ತಿನ್ನದೆ, "ನಂಗೆ ಸೇರಲ್ಲ" ಎಂದು ಸೊಕ್ಕಿನವರೆನಿಸಿಕೊಂಡರೋ.

ಪುಟ್ಟಿ ಮೊಲೆಹಾಲು ಕುಡಿಯುತ್ತಿದ್ದಾಗಲೇ ಇದು ಗೊತ್ತಾದದ್ದು. ತಾಯಿ ತಿಂದ ಮೊಸರಿನ ಅಂಶ ಮೊಲೆಹಾಲಿನಲ್ಲಿ ಬಂದು ಕೂಸಿನ ಮೈಯೆಲ್ಲ ಕೆಂಪಾಗುತ್ತಿತ್ತು. ಒಂದೂವರೆ ವರ್ಷ ಅವಳು ಕಾಫಿ ಬಿಟ್ಟಳು, ಮೊಸರನ್ನ ಬಿಟ್ಟಳು, ಬೆಣ್ಣೆ ತುಪ್ಪ ಬಿಟ್ಟಳು. ಅದನ್ನು ವ್ರತವೆಂದು ಯಾರೂ ಕರೆಯಲಿಲ್ಲ. ನಿನ್ನ ಲೆಕ್ಕದ ಪುಸ್ತಕದಲ್ಲಾದರೂ ಅದು ವ್ರತವೆಂದೇ ಬರೆದಿರಲಿ.

ಕೇಕು ಈ ಊರಿಗೆ ಹೊಸದಲ್ಲ, ಮೊಟ್ಟೆಯಿಲ್ಲದ ಕೇಕಂತೂ ಅಲ್ಲವೇ ಅಲ್ಲ. ಹಾಸನದ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ಅಯ್ಯಂಗಾರ್ ಬೇಕರಿಯ ಪರಂಪರೆಗೆ ನಾಂದಿ ಹಾಡಿದಂದಿನಿಂದ ನಾವೆಲ್ಲ ಹನಿ ಕೇಕು, ದಿಲ್‌ಪಸಂದು ತಿಂದೇ ಬೆಳೆದವರು. ಆದರೆ ಎಗ್‌ಲೆಸ್ ಎಂದ ಕೂಡಲೇ ಎಲ್ಲರಿಗೂ ಸಲ್ಲುವುದು ಎಂದುಕೊಳ್ಳುತ್ತೇವೆ. ಮೊಟ್ಟೆ ತೆಗೆದ ಜಾಗದಲ್ಲಿ ಮೊಸರು ಬಂದಿರುತ್ತದೆ, ಕಂಡೆನ್ಸ್ಡ್ ಮಿಲ್ಕ್ ಬಂದಿರುತ್ತದೆ. ಪ್ಯಾಕೆಟ್ಟಿನ ಹಸಿರು ಚುಕ್ಕೆ ಸಸ್ಯಾಹಾರ ಎಂದಷ್ಟೇ ಹೇಳುತ್ತದೆ, ಈ ಮಗುವಿಗೆ ಆಗುತ್ತದೆ ಎಂದು ಹೇಳುವುದಿಲ್ಲ. ನಮ್ಮ ದೇಶದ 2020ರ ಲೇಬಲ್ ನಿಯಮದಲ್ಲಿ ಗೋಧಿಯಂಥ ಗ್ಲುಟೆನ್ ಧಾನ್ಯ, ಹಾಲು, ಮೊಟ್ಟೆ, ಮೀನು, ಸೀಗಡಿ ಏಡಿಗಳ ಜಾತಿ, ಕಡಲೆಕಾಯಿ ಮತ್ತು ಗೋಡಂಬಿ ಬಾದಾಮಿಯಂಥ ಬೀಜಗಳು, ಸೋಯಾ, ಸಲ್ಫೈಟ್ ಇವನ್ನು ಅಲರ್ಜಿಕಾರಕಗಳೆಂದು ಬೇರೆಯಾಗಿ ಎತ್ತಿ ಬರೆಯಲು ಹೇಳಿದೆ. ಆ ಸಾಲಿನಲ್ಲಿ ಎಳ್ಳು ಇಲ್ಲ. ಅಮೆರಿಕದಲ್ಲಿ 2023ರಿಂದ ಎಳ್ಳನ್ನೂ ಸೇರಿಸಿದ್ದಾರೆ. ಎಳ್ಳಿನ ನಾಡು ನಮ್ಮದು. ಸಂಕ್ರಾಂತಿಯಂದು ಮನೆಮನೆಗೆ ಹೋಗುವ ಬುಟ್ಟಿಯಲ್ಲಿ ಎಳ್ಳು, ಕಡಲೆಕಾಯಿ, ಕೊಬ್ಬರಿ, ಹುರಿಗಡಲೆ, ಬೆಲ್ಲ. ಆ ಸಂಜೆ ಈ ಪುಟ್ಟಿ ಹೊಸ ಲಂಗ ಉಟ್ಟು ಸಕ್ಕರೆ ಅಚ್ಚು, ಕಬ್ಬಿನ ತುಂಡು ಮಾತ್ರ ಹಂಚುತ್ತಾಳೆ. ಬರೆಯುವವರ ಮನಸ್ಸಿನಲ್ಲಿ ಕೂತು ಆ ಒಂದು ಹೆಸರನ್ನು ಬರೆಸು ತಾಯೇ. ಎರಡೇ ಅಕ್ಷರ.

ಗಿರಣಿಯವನಿಗೂ ಒಳ್ಳೆಯದು ಮಾಡು. ಗೋಧಿ ಆಗದ ಇನ್ನೊಬ್ಬ ಹುಡುಗನಿಗೆ ನಾನು ರಾಗಿ ಕೇಕು ಮಾಡುತ್ತೇನೆ. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಆದರೆ ಗಿರಣಿಯ ಕಲ್ಲಿನಲ್ಲಿ ಹಿಂದಿನವರ ಗೋಧಿ ಇರುತ್ತದೆ. "ಬೆಳಗ್ಗೆ ಅಂಗಡಿ ತೆಗೀತಿದ್ದಂಗೇ ಬನ್ನಿ ಅಮ್ಮಾ, ಕಲ್ಲು ಬಿಚ್ಚಿ ಗುಡಿಸಿರ್ತೀನಿ," ಅಂದ ಪುಣ್ಯಾತ್ಮ. ಮೊದಲು ಎರಡು ಕಿಲೋ ಅಕ್ಕಿ ಹಾಕಿಸಿ, ಆ ಹಿಟ್ಟನ್ನು ಹಸುವಿಗಿಟ್ಟು, ಆಮೇಲೆ ರಾಗಿ ಹಾಕಿಸುತ್ತಿದ್ದೆ. ಅದೂ ಸಾಲದೆಂದು ತೋರಿ ಈಗ ಮನೆಯಲ್ಲೇ ಚಿಕ್ಕ ಯಂತ್ರ ಇಟ್ಟುಕೊಂಡಿದ್ದೇನೆ. ಗಾಣದ ಎಣ್ಣೆಯನ್ನೂ ಈ ಮಕ್ಕಳ ಕೆಲಸಕ್ಕೆ ಬಳಸುವುದನ್ನು ಬಿಟ್ಟೆ. ಗಾಣ ಒಳ್ಳೆಯದೇ, ಆದರೆ ಕೊಬ್ಬರಿಗೆ ಮುಂಚೆ ಅದರಲ್ಲಿ ಎಳ್ಳು ತಿರುಗಿರುತ್ತದೆ, ಕಡಲೆಕಾಯಿ ತಿರುಗಿರುತ್ತದೆ.

ಅಜ್ಜಿಯ ಮಡಿ ನೆನಪಾಗುತ್ತದೆ. ಎತ್ತರದ ಗಳುವಿನ ಮೇಲೆ ಕೋಲಿನಿಂದ ಹರವಿದ ಸೀರೆ, ಯಾರೂ ಮುಟ್ಟುವಂತಿಲ್ಲ. ಬೇರೆ ಚೆಂಬು, ಬೇರೆ ಸೌಟು. ನಮ್ಮ ಮನೆ ಕೆಲಸಕ್ಕೆ ಬರುತ್ತಿದ್ದ ಅಮ್ಮನಿಗೆ ಹಿತ್ತಿಲ ಗೂಡಿನಲ್ಲಿ ಬೇರೆ ಲೋಟ. ಆಕೆ ಅದನ್ನು ತಾನೇ ತೊಳೆದು, ತಾನೇ ಗೂಡಿಗಿಟ್ಟು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಹೋಗುತ್ತಿದ್ದಳು. ಅದನ್ನು ನೋಡಿ ನೋಡಿ ಹದಿನಾರರ ಹೊತ್ತಿಗೆ ನಾನು ಮಡಿಯನ್ನು ದ್ವೇಷಿಸಿದೆ. ಈಗಲೂ ದ್ವೇಷಿಸುತ್ತೇನೆ. ಆದರೆ ಇವತ್ತು ನನ್ನ ಅಡುಗೆಮನೆಯಲ್ಲಿ ಬೇರೆ ಸೌಟಿದೆ, ಬೇರೆ ಜರಡಿಯಿದೆ, ಕೆಂಪು ದಾರ ಕಟ್ಟಿದ ಬೇರೆ ಪಾತ್ರೆಗಳಿವೆ. ಮಗ ಒಳಗೆ ಬಂದರೆ "ಮುಟ್ಟಬೇಡ!" ಎಂದು ಅಜ್ಜಿಯ ದನಿಯಲ್ಲೇ ಕೂಗುತ್ತೇನೆ, ಕೂಗಿ ಬೆಚ್ಚುತ್ತೇನೆ. ಆ ಮಡಿ ಒಬ್ಬಳನ್ನು ಹಿತ್ತಿಲಿನಲ್ಲಿ ನಿಲ್ಲಿಸಿತ್ತು. ನನ್ನದು ಒಬ್ಬಳನ್ನು ಪಂಕ್ತಿಯ ನಡುವೆ ಕೂರಿಸಲೆಂದು. ಕೈ ಮಾಡುವ ಕೆಲಸ ಮಾತ್ರ ಎರಡರಲ್ಲೂ ಒಂದೇ, ಅದಕ್ಕೇ ನನಗೆ ಭಯ. ಬೇರೆ ಡಬ್ಬಿ, ಬೇರೆ ಬೆಂಚು ಎಂದು ಶಾಲೆಗಳಲ್ಲಿ ಈ ಮಕ್ಕಳನ್ನು ದೂರ ಕೂರಿಸಿದಾಗ ಅವರಿಗೆ ಆ ಗೂಡಿನ ಲೋಟದ ಅವಮಾನ ತಟ್ಟದಿರಲಿ. ಆ ಅಮ್ಮನಲ್ಲಿ ನಾನು ಕ್ಷಮೆ ಕೇಳಲಿಲ್ಲ. ಈಗ ಆಕೆ ಇಲ್ಲ. ನಿನ್ನಲ್ಲಿ ಕೇಳುತ್ತೇನೆ.

ಇನ್ನು ಕೇಕು. ಒಂದೂವರೆ ಲೋಟ ಮೈದಾ, ಒಂದು ಲೋಟ ಸಕ್ಕರೆ, ಕಾಲು ಲೋಟ ಕೋಕೋ, ಒಂದು ಟೀ ಚಮಚ ಅಡುಗೆ ಸೋಡಾ, ಅರ್ಧ ಚಮಚ ಉಪ್ಪು. ಒಂದೊಂದು ಪ್ಯಾಕೆಟ್ಟಿನ ಬೆನ್ನನ್ನೂ ಮೂರು ಸಲ ಓದಿದ್ದೇನೆ: ಕೊಂಡಾಗ, ಮನೆಗೆ ತಂದಾಗ, ಈಗ ಒಡೆಯುವಾಗ. ಕಂಪನಿಯವರು ಹೇಳದೆ ಕೇಳದೆ ಪದಾರ್ಥ ಬದಲಿಸಿಬಿಡುತ್ತಾರೆ. ಡಾರ್ಕ್ ಎಂದು ಬರೆದ ಚಾಕೊಲೇಟಿನಲ್ಲೂ ಹಾಲು ಇರಬಹುದಾದ್ದರಿಂದ ಬರೀ ಕೋಕೋ ಪುಡಿ. ಇದಕ್ಕೆ ಒಂದು ಲೋಟ ನೀರು, ಲೋಟದ ಮೂರರಲ್ಲೊಂದು ಪಾಲು ಸೂರ್ಯಕಾಂತಿ ಎಣ್ಣೆ, ಒಂದು ದೊಡ್ಡ ಚಮಚ ವಿನೆಗರು. ಕೊರತೆಯ ಕಾಲದ ತಾಯಂದಿರು ಕಂಡುಕೊಂಡ ದಾರಿ ಇದು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನಲ್ಲಿ ಒಬ್ಬರಿಗೆ ವಾರಕ್ಕೆ ಒಂದೇ ಮೊಟ್ಟೆ ಸಿಗುತ್ತಿತ್ತಂತೆ. ಆಗಲೂ ಮಕ್ಕಳಿಗೆ ಹುಟ್ಟುಹಬ್ಬ ಬರುತ್ತಿತ್ತಲ್ಲ.

ವಿನೆಗರು ಸೋಡಾಕ್ಕೆ ತಾಗಿದ ಗಳಿಗೆಯಿಂದ ಹೊತ್ತು ಕಳೆಯುವಂತಿಲ್ಲ. ಹಿಟ್ಟಿನ ಮೈಯಲ್ಲಿ ಸಣ್ಣ ಸಣ್ಣ ಗುಳ್ಳೆಗಳೇಳುತ್ತವೆ, ಕಿವಿ ಹತ್ತಿರ ಒಯ್ದರೆ ಮಳೆ ಹನಿಯುವಂಥ ಸದ್ದು. ಮೊಟ್ಟೆಯಿದ್ದರೆ ಅದು ಗಟ್ಟಿಯಾಗಿ ಗುಳ್ಳೆಗಳನ್ನು ಹಿಡಿದು ನಿಲ್ಲಿಸುತ್ತಿತ್ತು. ಇಲ್ಲಿ ಮೈದಾದ ಅಂಟು, ಪಿಷ್ಟ, ಒಲೆಯ ಬಿಸಿ ಮೂರೂ ಸೇರಿ ಗಾಳಿ ಹಾರಿಹೋಗುವ ಮುಂಚೆ ಹಿಡಿಯಬೇಕು. 180 ಡಿಗ್ರಿ, ಮೂವತ್ತೈದು ನಿಮಿಷ. ತಣ್ಣಗಾದ ಮೇಲೆ ಗಟ್ಟಿ ತೆಂಗಿನಹಾಲಿನ ಕೆನೆ ಬಳಿಯುತ್ತೇನೆ. ತೆಂಗು ಅವಳಿಗೆ ಆಗುತ್ತದೆ, ಅದನ್ನೊಂದು ನೀನು ಉಳಿಸಿಕೊಟ್ಟೆ. ಬಣ್ಣಕ್ಕೆ ಎರಡು ಹನಿ ಬೀಟ್‌ರೂಟ್ ರಸ.

ಅದೇ ಹಿಟ್ಟಿನಲ್ಲಿ ಒಂದು ಚಿಕ್ಕ ಬಟ್ಟಲಿನಷ್ಟು ನಿನಗೆಂದು ಬೇರೆ ಬೇಯಿಸುತ್ತೇನೆ. ನೈವೇದ್ಯಕ್ಕೆ ಮುಂಚೆ ರುಚಿ ನೋಡುವ ಪದ್ಧತಿಯಿಲ್ಲ, ನೋಡುವುದಿಲ್ಲ. ನೀನೇ ಮೊದಲು ತಿನ್ನು. ಅದರಲ್ಲಿ ನನ್ನ ಕಣ್ಣಿಗೆ ಬೀಳದ್ದೇನಾದರೂ ಇದ್ದರೆ ನಿನ್ನ ಗಂಟಲಲ್ಲೇ ನಿಲ್ಲಿಸಿಕೋ.

ಹಾಲು, ಮೊಟ್ಟೆಯ ಅಲರ್ಜಿ ಎಷ್ಟೋ ಮಕ್ಕಳಲ್ಲಿ ಬೆಳೆಯುತ್ತ ಬೆಳೆಯುತ್ತ ತಾನೇ ಬಿಟ್ಟುಹೋಗುತ್ತದಂತೆ. ಗೋಡಂಬಿ, ಎಳ್ಳು ಅಷ್ಟು ಸುಲಭಕ್ಕೆ ಬಿಡುವುದಿಲ್ಲವಂತೆ. ಬಿಡುವುದನ್ನು ಬೇಗ ಬಿಡಿಸು. ಮಗಳಿಗೆ ಮೊಸರನ್ನ ಕಲಸಿ ಕೊಡುವ ಆಸೆ ಆ ತಾಯಿಗಿದೆ, ಬಾಯಿಬಿಟ್ಟು ಹೇಳುವುದಿಲ್ಲ.

ಸಂಜೆ ಐದಕ್ಕೆ ಕೇಕು ಕತ್ತರಿಸುತ್ತಾರೆ. ಹನ್ನೊಂದು ಮಕ್ಕಳು ಬರುತ್ತಾರಂತೆ, ಹನ್ನೊಂದು ಮಕ್ಕಳಿಗೂ ಇದೇ ಕೇಕು. ನನ್ನನ್ನೂ ಕರೆದಿದ್ದಾರೆ. ಹೋಗಿ ಪೆಟ್ಟಿಗೆ ಕೊಟ್ಟು, ಒಳಗೆ ಹಾಕಿದ್ದನ್ನೆಲ್ಲ ಬರೆದ ಚೀಟಿ ಕೊಟ್ಟು, ತಿರುಗಿ ಬರುತ್ತೇನೆ. ಅವಳು ತಿನ್ನುವಾಗ ನನ್ನ ಮುಖ ನೋಡಿ ಹೆದರಬಾರದು. ಇಂಥದ್ದು ಆಗುವುದಿದ್ದರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ, ಹೆಚ್ಚೆಂದರೆ ಎರಡು ಗಂಟೆಯೊಳಗೆ ಆಗುತ್ತದೆ. ಏಳು ಗಂಟೆಯವರೆಗೆ ನಾನು ಇಲ್ಲೇ, ನಿನ್ನ ಮುಂದೆ, ಫೋನು ಪಕ್ಕಕ್ಕಿಟ್ಟುಕೊಂಡು ಕೂತಿರುತ್ತೇನೆ. ಬಾಟಲಿಯಲ್ಲಿ ಅಷ್ಟು ಹೊತ್ತಿಗೆ ಸಾಕಾಗುವಷ್ಟು ಎಣ್ಣೆ ಇದೆ.